ಹಕ್ಕಿಯ ಹತ್ತಿರ ಹೋಗುವುದು ಹೇಗೆ? ವಾಸನೆಯ ಚಿಂತೆ ಬಿಡಿ, ಅಲುಗಾಟ ನೋಡಿಕೊಳ್ಳಿ

ಹಕ್ಕಿ ಫೋಟೊ ತೆಗೆಯಲು ಹೊರಟವರಿಗೆ ಒಂದು ಅನುಮಾನ ಇದ್ದೇ ಇರುತ್ತದೆ. ಬೆವರಿನ ವಾಸನೆಗೆ, ಸೆಂಟಿನ ಘಮಕ್ಕೆ ಹಕ್ಕಿ ಹಾರಿಹೋಗುತ್ತಾ? ಈ ಭಯ ಜಿಂಕೆ ಬೇಟೆಗೆ ಸೇರಿದ್ದು. ಅಮೆರಿಕದಲ್ಲಿ ಜಿಂಕೆ ಬೇಟೆಗೆ ಹೋಗುವವರು ವಾಸನೆ ಇಲ್ಲದ ಸೋಪಿನಲ್ಲಿ ಬಟ್ಟೆ ಒಗೆದುಕೊಳ್ಳುತ್ತಾರೆ. ಟರ್ಕಿ ಕೋಳಿ, ಬಾತುಗಳ ಬೇಟೆಯಲ್ಲಿ ಆ ಗೊಡವೆ ಕಡಿಮೆ. ಮುಖ, ಕೈ ಮುಚ್ಚಿಕೊಂಡು ಅಲುಗದೆ ಕೂರುವುದೇ ಅಲ್ಲಿ ದೊಡ್ಡ ಕೆಲಸ. ನ್ಯೂಜಿಲೆಂಡ್‌ನ ಕೀವಿಯಂಥ ಕೆಲವು ಹಕ್ಕಿಗಳ ಮೂಗು ಬಲು ಚುರುಕು, ನಿಜ. ಆದರೆ ಬಾತು, ಹೆಬ್ಬಾತುಗಳು ಅಪಾಯವನ್ನು ಗುರುತಿಸುವುದು ಮುಖ್ಯವಾಗಿ ಕಣ್ಣು, ಕಿವಿಯಿಂದ.

ನಮ್ಮಲ್ಲಿ ವನ್ಯಜೀವಿ ಕಾಯ್ದೆಯಿಂದಾಗಿ ಈಗ ಬೇಟೆಯ ಮಾತೇ ಇಲ್ಲ. ಹಾಗಾಗಿ ಕ್ಯಾಮೆರಾ ಹಿಡಿದು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗೋಣ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿರುತ್ತವೆ.

ಮೊದಲು ಬಟ್ಟೆ. ಮಣ್ಣಿನ ಬಣ್ಣದ್ದು, ಮಾಸಿದ್ದು ಇದ್ದರೆ ಒಳ್ಳೆಯದು. ಬಿಳಿ ಅಂಗಿ, ಬಿಳಿ ಟೋಪಿ ಬೇಡವೇ ಬೇಡ.

ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ಬೆಳಗ್ಗೆ ಕೆರೆಗೆ ಮರಳುತ್ತವೆ. ಅವು ಬರುವ ಮೊದಲೇ ನೀವು ಕೂತಿರಬೇಕು. ಆಮೇಲೆ ಹೋಗಿ ಹತ್ತಿರವಾಗುವುದು ಬಹಳ ಕಷ್ಟ. ಅರಣ್ಯ ಇಲಾಖೆಯವರು ಬಿಡುವ ಜಾಗದಲ್ಲೇ, ಪೊದೆಯನ್ನೋ ದಿಣ್ಣೆಯನ್ನೋ ಬೆನ್ನಿಗಿಟ್ಟುಕೊಂಡು ಕೂರಿ. ಹಿಂದೆ ಬಯಲು ಆಕಾಶವಿದ್ದರೆ ನಿಮ್ಮ ತಲೆ ದೂರಕ್ಕೇ ಎದ್ದು ಕಾಣುತ್ತದೆ.

ಗಾಳಿಯನ್ನಂತೂ ನೋಡಲೇಬೇಕು, ಆದರೆ ಕಾರಣ ವಾಸನೆ ಅಲ್ಲ. ಹೆಬ್ಬಾತು ಇಳಿಯುವುದು ಗಾಳಿಗೆ ಎದುರಾಗಿ. ಒಂದು ಚಿಟಿಕೆ ಒಣ ಮಣ್ಣು ಉದುರಿಸಿದರೆ ಗಾಳಿ ಯಾವ ಕಡೆಗೆ ಎಂದು ತಿಳಿಯುತ್ತದೆ. ಅದು ಬೆನ್ನಿಗೆ ಬೀಸುವಂತೆ ಕೂತರೆ ಹಕ್ಕಿಗಳು ನಿಮ್ಮತ್ತ ಮುಖ ಮಾಡಿ, ಕಾಲು ಮುಂದೆ ಚಾಚಿ, ರೆಕ್ಕೆ ಅಗಲಿಸಿ ನೀರಿಗಿಳಿಯುತ್ತವೆ. ನಿಮ್ಮ ವಾಸನೆಯೆಲ್ಲ ಅವುಗಳ ಕಡೆಗೇ ಹೋಗುತ್ತಿರುತ್ತದೆ, ಆದರೂ ಚಿಂತೆ ಬೇಡ.

ಇನ್ನು ಕೈ. ಲೆನ್ಸನ್ನು ಮೊದಲೇ ಕಣ್ಣಿನ ಮಟ್ಟಕ್ಕಿಟ್ಟು, ತಿರುಗಿಸುವಾಗ ನಿಧಾನವಾಗಿ ತಿರುಗಿಸಿ. ಹೆಬ್ಬಾತಿನ ಕಣ್ಣುಗಳು ತಲೆಯ ಎರಡೂ ಪಕ್ಕದಲ್ಲಿವೆ. ಆ ಕಡೆ ನೋಡ್ತಿದೆ ಅಂದುಕೊಂಡು ಸುಮ್ನೆ ಕೈ ಎತ್ತಿದರೂ ಅದಕ್ಕೆ ಕಾಣುತ್ತದೆ. ಮೇಯುತ್ತಿದ್ದವು ಒಂದೊಂದಾಗಿ ಕತ್ತು ನೆಟ್ಟಗೆ ಮಾಡಿದರೆ ಅಲ್ಲೇ ನಿಲ್ಲಿಸಿ. ಕತ್ತು ಮತ್ತೆ ಬಾಗುವವರೆಗೆ ಕಾಯಿರಿ. ಟಿಟ್ಟಿಭ ಕೂಗಿಕೊಂಡು ನೆತ್ತಿಯ ಮೇಲೆ ಸುತ್ತಿದರೂ ಅಷ್ಟೇ, ಅದು ಸುಮ್ಮನಾಗಲಿ.

ಜೊತೆಗೆ ನಾಯಿ ಬಂದರೆ ಈ ತಯಾರಿಯೆಲ್ಲ ದಂಡ. ಹೊರಡುವಾಗ ಥಟ್ಟನೆ ಎದ್ದು ಮೈ ಮುರಿಯಬೇಡಿ. ಬಗ್ಗಿಕೊಂಡೇ ಹಿಂದೆ ಸರಿದು, ದಿಣ್ಣೆಯ ಮರೆಗೆ ಹೋದ ಮೇಲೆ ನೆಟ್ಟಗೆ ನಿಲ್ಲಿ.