‘ಎಲ್ಲಾ ದಿನವೂ’ ಎಂದು ಡೇಟಾಬೇಸನ್ನು ಕೇಳುವುದು ಹೇಗೆ?

ಮೈಸೂರಿನಲ್ಲಿ ಡೇಟಾಬೇಸ್ ಕಲಿಯಲು ಬರುವ ಮಕ್ಕಳು ಒಂದೇ ಜಾಗದಲ್ಲಿ ಎಡವುವುದನ್ನು ನೋಡುತ್ತಲೇ ಇದ್ದೇನೆ. ‘ಯಾವುದಾದರೂ’ ಎಂಬ ಪ್ರಶ್ನೆ ಸಲೀಸು. ‘ಎಲ್ಲಾ’ ಬಂದರೆ ಕೈ ನಿಂತುಬಿಡುತ್ತದೆ.

ಮಂಡ್ಯ ಕಡೆಯ ಒಂದು ಹಳ್ಳಿಯ ಹಾಲಿನ ಡೇರಿ ತೆಗೆದುಕೊಳ್ಳೋಣ. ಈ ವಾರ ಏಳೂ ದಿನ ಹಾಲು ಹಾಕಿದವರು ಯಾರು?

ಮೊದಲು ಮೂರು ಟೇಬಲ್ ಮಾಡಿ: ಸದಸ್ಯರು, ದಿನಗಳು, ಯಾರು ಯಾವ ದಿನ ಹಾಕಿದರು ಎಂಬ ಹಾಲಿನ ಲೆಕ್ಕ.

ಆಮೇಲೆ ಕೀಬೋರ್ಡ್ ಬಿಟ್ಟು ಪೇಪರ್ ತೆಗೆದುಕೊಳ್ಳಿ. ಡೇಟಾಬೇಸನ್ನು ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ‘ಇದೆಯೇ’ ಎಂದು ಕೇಳಲು ಎಕ್ಸಿಸ್ಟ್ಸ್ ಇದೆ. ‘ಪ್ರತಿಯೊಂದಕ್ಕೂ ಇದೆಯೇ’ ಎನ್ನಲು ಅಂಥ ನೇರ ಪದ ಇಲ್ಲ. ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿ ಬರೆಯಿರಿ: ‘ಇವರು ಹಾಲು ಹಾಕದ ದಿನ ಒಂದೂ ಇಲ್ಲ.’ ಇದರಲ್ಲಿ ಎರಡು ನಿಷೇಧ ಇವೆ, ಅಲ್ವಾ? ಒಂದೊಂದಕ್ಕೂ ಒಂದು ನಾಟ್ ಎಕ್ಸಿಸ್ಟ್ಸ್ (‘ಇಲ್ಲವೇ’), ಒಂದರೊಳಗೆ ಇನ್ನೊಂದು. ಹೊರಗಿನದು ದಿನಗಳಲ್ಲಿ ಹುಡುಕುತ್ತದೆ, ಒಳಗಿನದು ಲೆಕ್ಕದಲ್ಲಿ.

ಒಳಗಿನದಕ್ಕೆ ಸದಸ್ಯ, ದಿನ ಎರಡನ್ನೂ ಕಟ್ಟಬೇಕು. ದಿನ ಮರೆತರೆ, ಒಂದೇ ದಿನ ಹಾಕಿದವರೂ ಪಾಸಾಗುತ್ತಾರೆ. ಸದಸ್ಯರನ್ನು ಮರೆತರೆ, ದಿನಾ ಯಾರೋ ಒಬ್ಬರು ಹಾಕಿದ್ದರೆ ಸಾಕು, ಊರಿನವರೆಲ್ಲ ಪಟ್ಟಿಗೆ ಬರುತ್ತಾರೆ.

ಈ ತಿರುವು ಕಂಪ್ಯೂಟರಿಗಿಂತ ಹಳೆಯದು. ಗಣಿತಕ್ಕೆ ತರ್ಕದ ಬುನಾದಿ ಹಾಕಲು ಹೊರಟ ಫ್ರೇಗೆ 1879ರಲ್ಲಿ ‘ಎಲ್ಲಾ’ ಎಂಬುದಕ್ಕೆ ಮಾತ್ರ ಗುರುತು ಇಟ್ಟುಕೊಂಡಿದ್ದ. ‘ಇದೆ’ ಎನ್ನಲು ಅವನೂ ಎರಡು ನಿಷೇಧ ಬರೆಯಬೇಕಿತ್ತು. ನಮ್ಮದು ಅದರ ಉಲ್ಟಾ. 1970ರಲ್ಲಿ ಎಡ್ಗರ್ ಕಾಡ್ ಎಂಬ ಕಂಪ್ಯೂಟರ್ ವಿಜ್ಞಾನಿ ಡೇಟಾವನ್ನು ಟೇಬಲ್‌ಗಳಲ್ಲಿ ಇಡುವ ಮಾದರಿ ಕೊಟ್ಟಾಗ, ಪ್ರಶ್ನೆಗೆ ಆರಿಸಿಕೊಂಡದ್ದು ಇದೇ ತರ್ಕವನ್ನು.

ಸಾಲುಗಳನ್ನು ಎಣಿಸುವ ಕೌಂಟ್ ಹಾಕಿ ಏಳು ಬಂತೇ ಎಂದು ನೋಡುವ ಅಡ್ಡದಾರಿ ಬೇಡ. ಹಾಲು ಹಾಕುವುದು ಬೆಳಿಗ್ಗೆ, ಸಂಜೆ ಎರಡು ಹೊತ್ತು. ನಾಲ್ಕು ದಿನಕ್ಕೇ ಎಂಟು ಸಾಲು ಆಗುತ್ತದೆ. ಒಂದೇ ದಿನವನ್ನು ಎರಡು ಸಲ ಎಣಿಸದಂತೆ ಡಿಸ್ಟಿಂಕ್ಟ್ ಸೇರಿಸಿದರೆ ಸರಿಹೋಗುತ್ತದೆ, ಆದರೆ ಯೋಚನೆ ಕಲಿತಂತಾಗುವುದಿಲ್ಲ.

ಒಳಗಿನ ನಾಟ್ ಎಕ್ಸಿಸ್ಟ್ಸ್ ಬದಲು ‘ಈ ಪಟ್ಟಿಯಲ್ಲಿ ಇಲ್ಲ’ ಎನ್ನುವ ನಾಟ್ ಇನ್ ಅಂತೂ ಬೇಡವೇ ಬೇಡ. ತಾರೀಕು ಬರೆಯದ ಒಂದು ಸಾಲು ಇದ್ದರೂ ಸಾಕು, ಆ ಸದಸ್ಯರು ಏಳೂ ದಿನ ಹಾಕಿದಂತೆ ತೋರಿಸುತ್ತದೆ. ಎಸ್‌ಕ್ಯೂಎಲ್‌ನಲ್ಲಿ ನಿಜ, ಸುಳ್ಳು ಜೊತೆಗೆ ‘ಗೊತ್ತಿಲ್ಲ’ ಎಂಬ ಮೂರನೆಯದೂ ಇದೆ. ಖಾಲಿ ತಾರೀಕಿನಿಂದ ‘ಹಾಕಿಲ್ಲ’ ಎಂಬುದು ‘ಗೊತ್ತಿಲ್ಲ’ ಆಗಿಬಿಡುತ್ತದೆ, ಹಾಗಾಗಿ ಹಾಕದ ದಿನ ಒಂದೂ ಸಿಗುವುದಿಲ್ಲ.

ಹೀಗೆ ಒಂದೇ ಪ್ರಶ್ನೆಯನ್ನು ಹಲವು ರೀತಿ ಬರೆಯಬಹುದು. ಯಾವ ಎರಡು ಕ್ವೆರಿ (ಡೇಟಾಬೇಸಿಗೆ ಬರೆದ ಪ್ರಶ್ನೆ) ಕೊಟ್ಟರೂ ಎರಡರ ಉತ್ತರ ಯಾವಾಗಲೂ ಒಂದೇ ಹೌದೋ ಅಲ್ಲವೋ ಹೇಳುತ್ತೇವೆ ಎನ್ನುವ ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಡಿ. ಅಂಥದ್ದು ಆಗದ ಮಾತು ಎಂಬುದು ಗಣಿತಜ್ಞ ಟ್ರಾಖ್ಟೆನ್‌ಬ್ರಾಟ್ 1950ರಲ್ಲಿ ಸಾಧಿಸಿದ ಪ್ರಮೇಯದಿಂದಲೇ ಸಿಗುತ್ತದೆ.

ಹಾಗಾಗಿ ನಿಮ್ಮ ಕ್ವೆರಿಯನ್ನು ಕೈಯಾರೆ ಪರೀಕ್ಷಿಸಿ. ಪಟ್ಟಿಗೆ ಬಂದ ಒಬ್ಬರ ಒಂದು ದಿನದ ಎರಡೂ ಹೊತ್ತಿನ ಸಾಲು ಅಳಿಸಿ, ಅವರು ಪಟ್ಟಿಯಿಂದ ಹೋಗಬೇಕು. ಕೊನೆಗೆ ದಿನಗಳ ಟೇಬಲನ್ನೇ ಖಾಲಿ ಮಾಡಿ. ಎಲ್ಲ ಸದಸ್ಯರೂ ಬರುತ್ತಾರೆ. ಗಾಬರಿ ಬೇಡ, ಅದು ಸರಿಯಾದ ಉತ್ತರ. ದಿನವೇ ಇಲ್ಲದಾಗ ಹಾಲು ಹಾಕದ ದಿನ ಎಲ್ಲಿಂದ ಬರಬೇಕು?