ಕೆಲಸ ಕೇಳಲು ನೇರವಾಗಿ ಹೋಗಬೇಕಾ?

ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಮೂರು ವಾರ ಆಯಿತು, ಆ ಕಡೆಯಿಂದ ಸುದ್ದಿಯೇ ಇಲ್ಲ. ಒಂದು ಸಲ ಹೋಗಿಯೇ ಬಿಡೋಣ ಅಂತ ಅನಿಸುತ್ತದೆ, ಅಲ್ವಾ? ಮನೆಯಲ್ಲಿ ಹಿರಿಯರೂ ಅದನ್ನೇ ಹೇಳುತ್ತಾರೆ: "ಹೋಗಿ ಮುಖ ತೋರಿಸಿ ಬಾ." ಕೆಲವು ಕಡೆ ಈ ಮಾತು ನೂರಕ್ಕೆ ನೂರು ಸರಿ. ಇನ್ನು ಕೆಲವು ಕಡೆ ಬಸ್ ಚಾರ್ಜು ದಂಡ. ಯಾವುದು ಎಲ್ಲಿ ಅಂತ ಹೊರಡುವ ಮುಂಚೆಯೇ ತಿಳಿದುಕೊಳ್ಳಬಹುದು.

ಮೊದಲು ನೋಡಿ: ತೀರ್ಮಾನ ಮಾಡುವವರು ಎಲ್ಲಿ ಕೂರುತ್ತಾರೆ?

ಅಂಗಡಿ, ಹೋಟೆಲು, ಗ್ಯಾರೇಜು, ಸಲೂನು, ಸಣ್ಣ ಕ್ಲಿನಿಕ್ಕು, ವರ್ಕ್‌ಶಾಪು. ಇಲ್ಲೆಲ್ಲ ಮಾಲೀಕರೋ ಮ್ಯಾನೇಜರೋ ಕೆಲಸ ನಡೆಯುವ ಜಾಗದಲ್ಲೇ ಇರುತ್ತಾರೆ. ಜನ ಬೇಕೋ ಬೇಡವೋ ಅಂತ ನಿಂತಲ್ಲೇ ಹೇಳಬಲ್ಲರು. ಇಂಥ ಕಡೆ ಧೈರ್ಯವಾಗಿ ಹೋಗಿ.

ದೊಡ್ಡ ಕಂಪನಿಗಳಲ್ಲಿ ಹಾಗಲ್ಲ. ಸಾಮಾನ್ಯವಾಗಿ ಅಲ್ಲಿ ಅರ್ಜಿಗಳೆಲ್ಲ ಒಂದು ಸಾಫ್ಟ್‌ವೇರ್‌ಗೆ ಹೋಗಿ ಸೇರುತ್ತವೆ. ಎಚ್‌ಆರ್‌ನವರು ಅದರಲ್ಲೇ ಹುಡುಕಿ, ಸೋಸಿ, ಪಟ್ಟಿ ಮಾಡುತ್ತಾರೆ. ನೀವು ಕೈಗೆ ಕೊಟ್ಟ ರೆಸ್ಯೂಮೆ ಆ ಪಟ್ಟಿಯೊಳಗೆ ಬರುವುದೇ ಕಷ್ಟ. ಗೇಟಿನಲ್ಲೇ ಸೆಕ್ಯುರಿಟಿಯವರು "ಅಪಾಯಿಂಟ್‌ಮೆಂಟ್ ಇದೆಯಾ?" ಅಂದರೆ ಅಲ್ಲಿಗೆ ಮುಗಿಯಿತು. ಅಂಥ ಕಡೆ ಒಳಗೆ ಕೆಲಸ ಮಾಡುವ ಪರಿಚಯದವರಿಂದ ರೆಫರಲ್ ಪಡೆಯುವುದು, ಇಲ್ಲವೇ ಅವರು ಉದ್ಯೋಗ ಮೇಳಕ್ಕೆ ಬಂದಾಗ ಭೇಟಿಯಾಗುವುದು ಮೇಲು. ಸರ್ಕಾರಿ ನೇಮಕಾತಿಯಲ್ಲಂತೂ ಅಧಿಕಾರಿಯನ್ನು ಖುದ್ದಾಗಿ ಕಂಡು ಕೆಲಸ ಕೇಳಲು ಹೋಗಲೇಬೇಡಿ. ಅದು ವಶೀಲಿಯಂತೆ ಕಂಡು ನಿಮಗೇ ಮುಳುವಾಗಬಹುದು.

ಜಾಹೀರಾತಿನಲ್ಲಿ "ಖುದ್ದಾಗಿ ಬರಬೇಡಿ" ಅಂತಿದ್ದರೆ ಬೇಡ. "ವಾಕ್ ಇನ್" ಅಂತಿದ್ದರೆ ಹೋಗಲೇಬೇಕು.

ಕೇಳುವುದು ಚಿಕ್ಕದಿರಲಿ

ಎದುರು ನಿಂತು ಕೇಳುವುದಕ್ಕೆ ಬಲ ಇರುವುದು ನಿಜ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರಾದ ಮಹ್ದಿ ರೊಘನಿಜಾದ್ ಮತ್ತು ವನೆಸ್ಸಾ ಬೋನ್ಸ್ ಇದನ್ನೇ ಪರೀಕ್ಷಿಸಿದರು. 45 ಜನ ಸೇರಿ 450 ಅಪರಿಚಿತರನ್ನು "ಒಂದು ಸರ್ವೆ ತುಂಬಿಕೊಡಿ" ಎಂದು ಕೇಳಿದರು. ಕೆಲವರು ಎದುರೆದುರು, ಉಳಿದವರು ಇಮೇಲ್‌ನಲ್ಲಿ. ಎದುರೆದುರು ಕೇಳಿದ್ದು 34 ಪಟ್ಟು ಜಾಸ್ತಿ ಫಲ ಕೊಟ್ಟಿತು. ಆದರೆ ಕೆಲಸ ಕೊಡುವುದು ಸರ್ವೆ ತುಂಬಿದಷ್ಟು ಹಗುರವಲ್ಲ. ಅದಕ್ಕೇ ನಾನು ಹೇಳುವುದು, ಮೊದಲ ಭೇಟಿಯಲ್ಲಿ ಕೆಲಸವನ್ನೇ ಕೇಳಬೇಡಿ. ಅವರ ಎರಡು ನಿಮಿಷ ಸಮಯ ಕೇಳಿ. "ಇಲ್ಲಿ ಯಾವ ಕೆಲಸಕ್ಕೆ ಜನ ಬೇಕಾಗ್ತಾರೆ ಸರ್?" ಅಂತ ಕೇಳಿ. ಇಂಥ ಪ್ರಶ್ನೆಗೆ "ಇಲ್ಲ" ಅನ್ನುವುದು ಯಾರಿಗೂ ಕಷ್ಟವೇ.

ಹೊತ್ತು ನೋಡಿ ಹೋಗಿ

ಹೋಟೆಲಿಗೆ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ, ಸಂಜೆಯ ಗಿರಾಕಿ ಬರುವ ಮುಂಚೆ. ಅಂಗಡಿಗೆ ರಜೆಯ ದಿನ ಬೇಡ. ಗ್ಯಾರೇಜಿಗೆ ಬಾಗಿಲು ತೆಗೆದ ತಕ್ಷಣವೂ ಬೇಡ, ಮುಚ್ಚುವ ಹೊತ್ತೂ ಬೇಡ.

ಹಿಂದೆ ನಾನು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದೆ. ಒಂದು ದಿನ ಮಷಿನ್‌ನಲ್ಲಿ ಪೇಪರ್ ಸಿಕ್ಕಿಹಾಕಿಕೊಂಡಿತ್ತು, ಮಾಲೀಕರ ಮೊಣಕೈವರೆಗೂ ಇಂಕು. ಆಗ ಒಬ್ಬ ಹುಡುಗಿ ಬಂದಳು. ಬಾಗಿಲಲ್ಲೇ ನಿಂತು ಒಂದು ಗಳಿಗೆ ನೋಡಿ, "ಸರ್, ನೀವು ಬಿಜಿ ಇದೀರ. ಯಾವಾಗ ಬರಲಿ?" ಅಂದಳು. "ನಾಳೆ ಹನ್ನೊಂದಕ್ಕೆ ಬಾಮ್ಮ" ಅಂದರು. ಮಾರನೇ ದಿನ ಸರಿಯಾಗಿ ಬಂದಳು. ಕೆಲಸ ಇರಲಿಲ್ಲ. ಒಂದು ಪುಟದ ರೆಸ್ಯೂಮೆ ಕೊಟ್ಟು, ಥ್ಯಾಂಕ್ಸ್ ಹೇಳಿ ಹೋದಳು. ಎರಡು ತಿಂಗಳ ಮೇಲೆ ಬೈಂಡಿಂಗ್‌ನವರೊಬ್ಬರು ಕೆಲಸ ಬಿಟ್ಟರು. ಜಾಹೀರಾತು ಕೊಡುವ ಮಾತೇ ಬರಲಿಲ್ಲ. ಮಾಲೀಕರು ಡ್ರಾಯರ್ ಎಳೆದು ಅವಳ ನಂಬರ್ ಹುಡುಕಿದರು.

ಕೈಯಲ್ಲಿ ಏನಿರಬೇಕು?

ಒಂದೇ ಪುಟದ ರೆಸ್ಯೂಮೆ, ಎರಡು ಪ್ರತಿ. ಒಂದು ಪೆನ್ನು. ಸರ್ಟಿಫಿಕೇಟ್ ತೋರಿಸಬೇಕೆಂದರೆ ಜೆರಾಕ್ಸ್ ಸಾಕು, ಒರಿಜಿನಲ್ ಯಾರ ಕೈಗೂ ಕೊಟ್ಟು ಬರಬೇಡಿ. ಆನ್‌ಲೈನ್ ಅರ್ಜಿ ಇದ್ದರೆ ಅದನ್ನು ಮೊದಲು ಹಾಕಿ. "ಅರ್ಜಿ ಹಾಕಿದ್ದೇನೆ, ಜಾಗ ನೋಡಿ ಹೋಗೋಣ ಅಂತ ಬಂದೆ" ಅಂತ ಹೇಳಿದರೆ ಕೇಳುವವರಿಗೂ ಹಗುರ. ಯಾರಾದರೂ "ಇಷ್ಟು ದುಡ್ಡು ಕಟ್ಟಿ, ಕೆಲಸ ಕೊಡ್ತೀವಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಮ್ಯಾನೇಜರ್ ಇಲ್ಲವಾ? ಕಾಯುತ್ತಾ ಕೂರಬೇಡಿ. ಅವರ ಹೆಸರು, ಸಿಗುವ ಹೊತ್ತು ಕೇಳಿಕೊಳ್ಳಿ. ಕೌಂಟರಿನಲ್ಲಿ ಇರುವವರ ಜೊತೆ ಮರ್ಯಾದೆಯಿಂದ ಮಾತಾಡಿ. ನೀವು ಹೋದ ಮೇಲೆ "ಹೇಗಿದ್ರು ಅವರು?" ಅಂತ ಮಾಲೀಕರು ಕೇಳುವುದು ಅವರನ್ನೇ.

ಬಂದ ಮೇಲೆ

ಹೊರಗೆ ಬಂದ ಕೂಡಲೇ ಬರೆದಿಡಿ: ಯಾವ ದಿನ, ಯಾರು ಸಿಕ್ಕರು, ಏನಂದರು. ಒಂದು ವಾರ ಬಿಟ್ಟು ಒಂದೇ ಒಂದು ಫೋನ್. ದಿನಾ ಹೋಗಿ ನಿಂತರೆ ಅವರಿಗೆ ಕಿರಿಕಿರಿ. ಬರೆದಿಟ್ಟಿದ್ದರೆ ಫೋನಿನಲ್ಲಿ ತಡವರಿಸಬೇಕಾಗಿಲ್ಲ. "ಸರ್, ಮಂಗಳವಾರ ಬಂದಿದ್ದೆ, ತಿಂಗಳ ಕೊನೆಗೆ ಕೇಳು ಅಂದಿದ್ರಿ" ಅಂತಲೇ ಮಾತು ಶುರು ಮಾಡಬಹುದು.