ಕೂಪನ್ ದುಡ್ಡು ಯಾರು ಕೊಟ್ರು? ಅಮೆರಿಕದ ಸೇಲ್ಸ್ ಟ್ಯಾಕ್ಸ್ ಲೆಕ್ಕದಲ್ಲಿ ನನ್ನ ಅನುಭವ

ನಾನು ಬೆಂಗಳೂರಿನಲ್ಲಿ ಕೂತು ಅಮೆರಿಕದ ಒಂದು ರಿಟೇಲ್ ಕಂಪನಿಯ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವವನು. ಅದರಲ್ಲೂ ತೆರಿಗೆ ಭಾಗ. ಕೇಳೋಕೆ ಬೋರು ಹೊಡೆಸುವ ಕೆಲಸ. ಆದರೆ ಕೂಪನ್ ಮೇಲೆ ತೆರಿಗೆ ತಪ್ಪಾದರೆ ಅಲ್ಲಿ ಎರಡು ಕಡೆಯಿಂದ ಕೇಸು ಬೀಳಬಹುದು. ಜಾಸ್ತಿ ವಸೂಲಿ ಮಾಡಿದರೆ ಗ್ರಾಹಕರು ಗುಂಪಾಗಿ ಕೋರ್ಟಿಗೆ ಹೋಗುತ್ತಾರೆ. ಕಡಿಮೆ ಮಾಡಿದರೆ ಯಾರೋ ಒಬ್ಬ ವಿಷಲ್‌ಬ್ಲೋವರ್ (ತಪ್ಪನ್ನು ಬಯಲಿಗೆಳೆಯುವವನು) ರಾಜ್ಯ ಸರ್ಕಾರದ ಪರವಾಗಿ ಕೇಸು ಹಾಕುತ್ತಾನೆ. ಅತ್ತ ದರಿ, ಇತ್ತ ಪುಲಿ.

ಒಂದು ಬಿಲ್ ತೆಗೆದುಕೊಳ್ಳಿ. ಇಲಿನಾಯ್ ರಾಜ್ಯದ ಶಿಕಾಗೋದಲ್ಲಿ 10 ಡಾಲರಿನ ಶಾಂಪೂ, 2 ಡಾಲರ್ ಕೂಪನ್. ಒಟ್ಟು ಸೇಲ್ಸ್ ಟ್ಯಾಕ್ಸ್ ಶೇ 10.25 ಅಂತ ಇಟ್ಟುಕೊಳ್ಳಿ. ಆ ಕೂಪನ್ ಅಂಗಡಿಯವರೇ ಕೊಟ್ಟಿದ್ದಾದರೆ ತೆರಿಗೆ 8 ಡಾಲರ್ ಮೇಲೆ, ಅಂದರೆ 82 ಸೆಂಟ್. ಶಾಂಪೂ ತಯಾರಿಸುವ ಕಂಪನಿ ಕೊಟ್ಟ ಕೂಪನ್ ಆದರೆ ಆ 2 ಡಾಲರನ್ನು ಅಂಗಡಿ ಆಮೇಲೆ ಅವರಿಂದ ವಾಪಸ್ ಪಡೆಯುತ್ತದೆ. ಅಂಗಡಿಗೆ ಬಂದದ್ದು ಪೂರಾ 10 ಡಾಲರ್. ಹಾಗಾಗಿ ತೆರಿಗೆಯೂ 10ರ ಮೇಲೆ, 1 ಡಾಲರ್ 3 ಸೆಂಟ್. ವ್ಯತ್ಯಾಸ ಬರೀ 21 ಸೆಂಟ್, ಅಲ್ವಾ? ಸಾವಿರಾರು ಅಂಗಡಿ, ದಿನಕ್ಕೆ ಲಕ್ಷಾಂತರ ಬಿಲ್ಲು, ಅದೂ ಹಲವು ವರ್ಷಗಳದ್ದು ಅಂತ ಲೆಕ್ಕ ಹಾಕಿದರೆ ವಕೀಲರಿಗೆ ಯಾಕೆ ಆಸಕ್ತಿ ಅಂತ ಗೊತ್ತಾಗುತ್ತೆ.

ಟೀಮಿಗೆ ಹೊಸದಾಗಿ ಸೇರುವವರಿಗೆ ಇದು ತಲೆಗೆ ಹತ್ತೋಕೆ ಸ್ವಲ್ಪ ಸಮಯ ಬೇಕು. ನಮ್ಮಲ್ಲಿ ಎಂಆರ್‌ಪಿ ಅಂದರೆ ತೆರಿಗೆ ಸೇರಿಯೇ ಬರುವ ಬೆಲೆ. ಅಲ್ಲಿ ಬಿಲ್ಲಿನ ಕೊನೆಯಲ್ಲಿ ಸೇರಿಸುತ್ತಾರೆ, ಅದೂ ರಾಜ್ಯಕ್ಕೊಂದು ನಿಯಮ. ಟೆಕ್ಸಾಸಿನಲ್ಲಿ ಕೂಪನ್ ಯಾರದ್ದೇ ಆಗಲಿ, ಕಳೆದ ಮೇಲೆ ಉಳಿದ ಬೆಲೆಗೇ ತೆರಿಗೆ. ಕ್ಯಾಲಿಫೋರ್ನಿಯಾದಲ್ಲಿ ತಯಾರಕರ ಕೂಪನ್ ಆದರೆ ಪೂರ್ತಿ ಬೆಲೆಗೆ. ಪೆನ್ಸಿಲ್ವೇನಿಯಾದಲ್ಲಿ ರಸೀದಿ ಮೇಲೆ ಆ ವಸ್ತು ಮತ್ತು ಅದರ ಕೂಪನ್ ಎರಡೂ ಸ್ಪಷ್ಟವಾಗಿ ಕಾಣಬೇಕು, ಆಗ ಮಾತ್ರ ಕೂಪನ್ ಮೊತ್ತ ಕಳೆಯಬಹುದು.

ಇನ್ನು ಕೇಸುಗಳ ವಿಷಯ. ಸರ್ಕಾರಕ್ಕೆ ಮೋಸ ಮಾಡಿದವರ ಮೇಲೆ ಸರ್ಕಾರದ ಪರವಾಗಿ ಖಾಸಗಿಯವರೂ ಕೇಸು ಹಾಕಲು ಬಿಡುವ ಅಮೆರಿಕದ ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್ 1863ರದ್ದು. ಅಂತರ್ಯುದ್ಧದ ಹೊತ್ತಿನಲ್ಲಿ ಸೈನ್ಯಕ್ಕೆ ಕೆಟ್ಟ ಮಾಲು ಕೊಟ್ಟವರನ್ನು ಹಿಡಿಯೋಕೆ ಬಂದದ್ದು. ಈ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನು ಫೆಡರಲ್ ತೆರಿಗೆ ವಿಷಯಕ್ಕೆ ಅನ್ವಯಿಸಲ್ಲ. ಆದರೆ ಇಲಿನಾಯ್ ರಾಜ್ಯದ ಇದೇ ಥರದ ಕಾನೂನು ಆದಾಯ ತೆರಿಗೆಯನ್ನು ಮಾತ್ರ ಹೊರಗಿಟ್ಟಿತು, ಸೇಲ್ಸ್ ಟ್ಯಾಕ್ಸ್ ಒಳಗೇ ಉಳಿಯಿತು. ನ್ಯೂಯಾರ್ಕ್ 2010ರಲ್ಲಿ ತನ್ನ ಕಾನೂನಿಗೆ ತೆರಿಗೆಯನ್ನೂ ಸೇರಿಸಿತು. ಗೆದ್ದರೆ ನಷ್ಟದ ಮೂರು ಪಟ್ಟು, ಮೇಲೆ ದಂಡ. ದೂರು ಕೊಟ್ಟವನಿಗೆ ಸಾಮಾನ್ಯವಾಗಿ ಶೇ 15ರಿಂದ 30ರವರೆಗೆ ಪಾಲು. ನ್ಯೂಯಾರ್ಕಿನಲ್ಲಿ ಸ್ಪ್ರಿಂಟ್ ಫೋನ್ ಕಂಪನಿ ಮೊಬೈಲ್ ಪ್ಲಾನ್‌ಗಳ ಸೇಲ್ಸ್ ಟ್ಯಾಕ್ಸ್ ವಿಚಾರದಲ್ಲಿ 2018ರಲ್ಲಿ 33 ಕೋಟಿ ಡಾಲರ್ ಕಟ್ಟಲು ಒಪ್ಪಿತು. ದೂರುದಾರರ ಪಾಲೇ 6 ಕೋಟಿ ದಾಟಿತ್ತು.

ಇಲಿನಾಯ್‌ನಲ್ಲಿ ಇನ್ನೊಂದು ಥರ. ಅಲ್ಲಿ ಒಂದು ವಕೀಲರ ಸಂಸ್ಥೆ ತಾನೇ ಆನ್‌ಲೈನಿನಲ್ಲಿ ಸಾಮಾನು ಕೊಂಡು, ತೆರಿಗೆ ಹಾಕಿಲ್ಲ ಅಂತ ಸಾಲು ಸಾಲಾಗಿ ಕೇಸು ಹಾಕುತ್ತಿತ್ತು. ಮೈ ಪಿಲ್ಲೋ ಅನ್ನುವ ದಿಂಬಿನ ಕಂಪನಿಯ ಕೇಸು ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಸಂಸ್ಥೆ ದೂರುದಾರನೂ ತಾನೇ, ವಕೀಲನೂ ತಾನೇ ಆಗಿದ್ದರೆ, ಆ ಕೆಲಸಕ್ಕೆ ವಕೀಲರ ಫೀಸು ಕೊಡಿಸಲ್ಲ ಅಂತ 2018ರಲ್ಲಿ ಕೋರ್ಟ್ ಹೇಳಿತು. ನನಗೆ ಕೇಳಿದರೆ ಸರಿಯೇ. ಒಳಗಿನ ಉದ್ಯೋಗಿ ಕೆಲಸ ಪಣಕ್ಕಿಟ್ಟು ಹೇಳುವುದು ಬೇರೆ, ಸುಮ್ನೆ ಬಿಲ್ಲು ಹುಡುಕಿಕೊಂಡು ಓಡಾಡುವುದು ಬೇರೆ.

ಇದೆಲ್ಲ ನೋಡಿ ನಮ್ಮ ಕಂಪನಿಯ ತೆರಿಗೆ ವಿಭಾಗದವರು ಎಲ್ಲ ಕೂಪನ್, ಡಿಸ್ಕೌಂಟ್‌ಗಳನ್ನೂ ಮತ್ತೆ ಪರೀಕ್ಷೆ ಮಾಡಿ ಅಂದರು. ಕಾಗದದ ಕೂಪನ್ ಸುಲಭ. ತಯಾರಕರ ಕೂಪನ್ನಿನ ಬಾರ್‌ಕೋಡ್ ಸಾಮಾನ್ಯವಾಗಿ 8110 ಅಂತ ಶುರುವಾಗುತ್ತೆ, ಮೇಲೆ ತಯಾರಕರದ್ದು ಅಂತ ಅಚ್ಚೂ ಇರುತ್ತೆ. ಸಾಫ್ಟ್‌ವೇರಿಗೆ ಅಷ್ಟು ಸಾಕು. ಕಷ್ಟ ಇರುವುದು ಆ್ಯಪ್‌ನಲ್ಲಿ ಕ್ಲಿಪ್ ಮಾಡುವ, ಅಂದರೆ ಒತ್ತಿ ಆರಿಸಿಕೊಳ್ಳುವ ಡಿಸ್ಕೌಂಟ್‌ನಲ್ಲಿ. ಬಿಲ್ಲಿನಲ್ಲಿ ಬರೀ ‘ಉಳಿತಾಯ 2.00’ ಅಂತ ಬರುತ್ತೆ. ಆ ಎರಡು ಡಾಲರ್ ಯಾರ ಜೇಬಿನದು ಅಂತ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಗೊತ್ತೇ ಇಲ್ಲ. ಅದು ಗೊತ್ತಿರುವುದು ಖರೀದಿ ವಿಭಾಗದವರಿಗೆ. ಅವರು ತಯಾರಕರ ಜೊತೆ ಮಾಡಿಕೊಂಡ ಒಪ್ಪಂದ ಬೇರೆ ಸಿಸ್ಟಮ್‌ನಲ್ಲಿ, ಕೆಲವೊಮ್ಮೆ ಬರೀ ಇಮೇಲ್‌ನಲ್ಲಿ.

ಹಾಗಾಗಿ ನಾನು ಬಿಲ್ಲಿನಿಂದ ಶುರು ಮಾಡಲಿಲ್ಲ, ಹಿಂದಿನಿಂದ ಬಂದೆ. ತಯಾರಕರಿಂದ ದುಡ್ಡು ಬಂದ ಲೆಡ್ಜರ್ ತರಿಸಿಕೊಂಡೆ. ತಯಾರಕರಿಂದ ದುಡ್ಡು ಕೇಳಿದ ಒಂದೊಂದು ಕ್ಲೇಮಿಗೂ ಪ್ರೊಮೋಷನ್ (ರಿಯಾಯಿತಿ ಯೋಜನೆ) ನಂಬರ್ ಹುಡುಕಿ, ಅದೇ ನಂಬರಿನ ಬಿಲ್ಲುಗಳಲ್ಲಿ ತೆರಿಗೆ ಎಷ್ಟರ ಮೇಲೆ ಬಿದ್ದಿದೆ ಅಂತ ಹೋಲಿಸಿದೆ. ನಂಬರ್ ಹೊಂದದ ಕ್ಲೇಮುಗಳೇ ನಿಜವಾದ ಕೆಲಸ ಕೊಟ್ಟದ್ದು. ‘ಹಬ್ಬದ ಸಪೋರ್ಟ್’ ಅಂತ ಒಟ್ಟು ಮೊತ್ತ ಬಂದಿರುತ್ತೆ. ಅದು ಜಾಹೀರಾತಿಗೋ, ಬೆಲೆ ಇಳಿಸಿದ್ದಕ್ಕೋ? ಒಪ್ಪಂದದ ಕಾಗದ ಓದದೆ ಬೇರೆ ದಾರಿ ಇಲ್ಲ. ಕೊನೆಗೆ ಪ್ರೊಮೋಷನ್ ಶುರು ಮಾಡುವಾಗಲೇ ‘ಖರ್ಚು ಯಾರದು’ ಅನ್ನುವ ಜಾಗ ತುಂಬದೆ ಮುಂದೆ ಹೋಗದ ಹಾಗೆ ಮಾಡಿದೆವು. ಖರೀದಿ ವಿಭಾಗದವರು ಒಂದಷ್ಟು ಗೊಣಗಿದರು.

ಮೆಂಬರ್‌ಶಿಪ್ ಕಾರ್ಡ್ ಮೇಲಿನ ರಿಯಾಯಿತಿ ಇನ್ನೊಂದು ಗೋಜಲು. ಒಹಾಯೊ, ಮಿನ್ನೆಸೋಟದಂಥ ರಾಜ್ಯಗಳು ಸೇರಿ ಮಾಡಿಕೊಂಡ ಒಂದು ಸಾಮಾನ್ಯ ಒಪ್ಪಂದ ಇದೆ. ಅದರ ಪ್ರಕಾರ ಪೂರ್ತಿ ಬೆಲೆಗೆ ತೆರಿಗೆ ಹಾಕೋಕೆ ತಯಾರಕರು ದುಡ್ಡು ಕೊಟ್ಟರೆ ಮಾತ್ರ ಸಾಲದು. ಮೊತ್ತ ಮಾರಾಟದ ಹೊತ್ತಿಗೇ ನಿಗದಿಯಾಗಿರಬೇಕು, ಇನ್ನೂ ಕೆಲವು ಷರತ್ತು ಕೂಡಿಬರಬೇಕು. ಕೇಳಿದವರಿಗೆಲ್ಲ ಸಿಗುವ ಅಂಗಡಿ ಕಾರ್ಡನ್ನು ವಿಶೇಷ ಗುಂಪಿನ ಸದಸ್ಯತ್ವ ಅಂತ ಅಲ್ಲಿ ಲೆಕ್ಕಕ್ಕೆ ಹಿಡಿಯಲ್ಲ.

ನನಗೆ ಅತಿ ಹೆಚ್ಚು ತಲೆನೋವು ತಂದದ್ದು ನ್ಯೂಯಾರ್ಕ್. ಅಂಗಡಿ ತನ್ನ ಹೆಸರಲ್ಲೇ ಕೂಪನ್ ಕೊಟ್ಟು, ಹಿಂದೆ ತಯಾರಕರು ದುಡ್ಡು ತುಂಬುತ್ತಾರೆ ಅನ್ನೋದನ್ನು ಗ್ರಾಹಕನಿಗೆ ಹೇಳದಿದ್ದರೆ, ಮೊದಲು ಹೇಳಿದ ಶಾಂಪೂ ಲೆಕ್ಕದಲ್ಲಿ ಗ್ರಾಹಕನಿಂದ 8 ಡಾಲರ್ ಮೇಲಷ್ಟೇ ತೆರಿಗೆ ಪಡೆಯಬೇಕು. ಆದರೆ ಸರ್ಕಾರಕ್ಕೆ 10ರ ಮೇಲೆ ಕಟ್ಟಬೇಕು. ಉಳಿದದ್ದು ಅಂಗಡಿಯ ಕೈಯಿಂದಲೇ. ನಮ್ಮ ಡೇಟಾಬೇಸ್‌ನಲ್ಲಿ ಒಂದು ಸಾಲಿಗೆ ಒಂದೇ ತೆರಿಗೆ ಕಾಲಂ ಇತ್ತು. ಪಡೆದದ್ದು, ಕಟ್ಟಬೇಕಾದದ್ದು ಅಂತ ಎರಡು ಮಾಡಿಸಬೇಕಾಯಿತು. ಒಂದು ಕಾಲಂ ಸೇರಿಸೋಕೆ ಎಷ್ಟು ಮೀಟಿಂಗ್ ಆಗುತ್ತೆ ಅಂತ ಸಾಫ್ಟ್‌ವೇರಿನವರಿಗೆ ಹೇಳಬೇಕಿಲ್ಲ.

ಇಂಥ ಕೆಲಸ ಮಾಡುವವರಿಗೆ ನಾನು ಒತ್ತಿ ಹೇಳುವ ವಿಷಯ ಟಿಕೆಟ್‌ಗಳದು, ಅಂದರೆ ಸಾಫ್ಟ್‌ವೇರಿನಲ್ಲಿ ಕಂಡ ತಪ್ಪನ್ನು ಬರೆದಿಡುವ ದಾಖಲೆಗಳದು. ಈ ಕಾನೂನುಗಳಲ್ಲಿ ಬರೀ ತಪ್ಪಾದರೆ ಸಾಲದು, ಗೊತ್ತಿದ್ದೂ ಮಾಡಿದ್ದು ಅಂತ ತೋರಿಸಬೇಕು. ಕಣ್ಣುಮುಚ್ಚಿ ಕೂತದ್ದೂ ಅದರಲ್ಲಿ ಸೇರುತ್ತೆ. 2023ರಲ್ಲಿ ಸೂಪರ್‌ವ್ಯಾಲ್ಯೂ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅದು ಔಷಧದ ರಿಯಾಯಿತಿ ಬೆಲೆ ಕುರಿತ ಕೇಸು. ವಕೀಲರು ಆಮೇಲೆ ಹುಡುಕಿದ ಸಮರ್ಥನೆಗಿಂತ, ಆ ಹೊತ್ತಿನಲ್ಲಿ ಕಂಪನಿ ನಿಜವಾಗಿ ಏನು ನಂಬಿತ್ತು ಅನ್ನೋದೇ ಮುಖ್ಯ ಅಂತ ತೀರ್ಪು. ಅಂದರೆ ಟೆಸ್ಟರ್ ಒಬ್ಬರು ‘ಇಲಿನಾಯ್ ಕೂಪನ್ ತೆರಿಗೆ ಕಡಿಮೆ ಬರ್ತಿದೆ’ ಅಂತ ಬರೆದ ಟಿಕೆಟನ್ನು ‘ಲೋ ಪ್ರಯಾರಿಟಿ’ ಅಂತ ಮುಚ್ಚಿದರೆ, ಅದು ಕೋರ್ಟಿನಲ್ಲಿ ಸಾಕ್ಷಿ ಆಗಬಹುದು. ಈಗ ನಮ್ಮಲ್ಲಿ ತೆರಿಗೆಗೆ ಸಂಬಂಧಪಟ್ಟ ಟಿಕೆಟನ್ನು ಡೆವಲಪರ್ ಒಬ್ಬನೇ ಮುಚ್ಚುವಂತಿಲ್ಲ. ತೆರಿಗೆ ವಿಭಾಗದವರು ಯಾವ ರಾಜ್ಯದ ಯಾವ ನಿಯಮ ಅಂತ ಬರೆದು ಸಹಿ ಮಾಡಬೇಕು.

ಹೀಗೆ ಮಾಡಿದ ಮೇಲೂ ಮಾರಾಟ ಮುಗಿದು ವಾರಗಳಾದ ಮೇಲೆ ತಯಾರಕರು ‘ಆ ಡಿಸ್ಕೌಂಟ್‌ನಲ್ಲಿ ಅರ್ಧ ನಾವು ಕೊಡ್ತೀವಿ’ ಅಂತ ಒಪ್ಪುವುದು ಇದ್ದೇ ಇದೆ. ಅದಕ್ಕೆ ಸಾಫ್ಟ್‌ವೇರಿನಲ್ಲಿ ಉತ್ತರ ಇಲ್ಲ. ಅಂಥದ್ದೆಲ್ಲ ತಿಂಗಳ ಕೊನೆಗೆ ಒಂದು ಪಟ್ಟಿಯಾಗಿ ತೆರಿಗೆ ವಿಭಾಗಕ್ಕೆ ಹೋಗುತ್ತೆ, ಅವರು ರಾಜ್ಯವಾರು ಕೂತು ನೋಡುತ್ತಾರೆ.